ಸುಟ್ಟಗಾಯದಿಂದ ಅಂಟಿಕೊಂಡ ಮಗುವಿನ ಕಾಲ್ಬೆರಳುಗಳು: ಬಿಡಿಸುವ ಮುನ್ನ, ಬಿಡಿಸಿದ ಮೇಲೆ

ಬಚ್ಚಲೊಲೆಯಿಂದ ಹೊರಗೆಳೆದು ಬಿಟ್ಟ ಕೆಂಡ, ಹಂಡೆಯಿಂದ ತೋಡುವಾಗ ಚೆಲ್ಲಿದ ಕುದಿನೀರು, ಸಮಾರಂಭದ ಅಡುಗೆ ನಡೆಯುವ ಹಿತ್ತಲಲ್ಲಿ ಇಳಿಸಿಟ್ಟ ಸಾರಿನ ಕೊಳಗ, ಮೇಲೆ ತಣ್ಣಗೆ ಕಂಡರೂ ಒಳಗೆ ನಿಗಿನಿಗಿ ಉರಿಯುವ ಭತ್ತದ ಹೊಟ್ಟಿನ ಬೂದಿಯ ರಾಶಿ. ನಮ್ಮ ಕಡೆ ನಡೆಯಲು ಕಲಿಯುತ್ತಿರುವ ಮಕ್ಕಳ ಪಾದ ಸುಡುವುದು ಹೆಚ್ಚಾಗಿ ಇಂಥ ಕಡೆಗಳಲ್ಲಿ. ಗಾಯ ಒಂದೆರಡು ತಿಂಗಳಲ್ಲಿ ಮಾಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಎರಡೋ ಮೂರೋ ಬೆರಳುಗಳು ಒಂದೇ ಚರ್ಮದ ಚೀಲದೊಳಗೆ ಕೂಡಿಕೊಂಡು ಮೇಲಕ್ಕೆ ಸೆಟೆದು ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಆಗ ಏನು ಮಾಡಬೇಕು, ಯಾವಾಗ ಮಾಡಬೇಕು, ಆಪರೇಷನ್ ಕೋಣೆಯೊಳಗೆ ಏನು ನಡೆಯುತ್ತದೆ, ಮನೆಗೆ ಬಂದ ಮೇಲೆ ಯಾವ ಕೆಲಸ ನಮ್ಮ ಪಾಲಿಗೆ ಬರುತ್ತದೆ ಎಂಬುದನ್ನು ಪಾಲಕರಿಗಾಗಿ ಇಲ್ಲಿ ಬರೆದಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರು ಹೇಳಿದ್ದು ಅರ್ಥವಾಗಲಿ, ಕೇಳಬೇಕಾದ ಪ್ರಶ್ನೆಗಳು ಹೊಳೆಯಲಿ ಎಂಬುದಷ್ಟೇ ಉದ್ದೇಶ.

ಬೆರಳುಗಳು ಅಂಟಿಕೊಳ್ಳಲು ಕಾರಣ ಎರಡು. ಚರ್ಮದ ಮೇಲ್ಪದರ ಸುಟ್ಟುಹೋಗಿ ಅಕ್ಕಪಕ್ಕದ ಬೆರಳುಗಳ ಹಸಿ ಮೈ ಒಂದಕ್ಕೊಂದು ತಾಗಿಕೊಂಡೇ ಇದ್ದರೆ, ಅವು ಎರಡು ಬೆರಳೆಂಬ ಲೆಕ್ಕ ದೇಹಕ್ಕಿಲ್ಲ. ಅದು ಎರಡನ್ನೂ ಒಂದೇ ಗಾಯವೆಂದು ಬಗೆದು ಮೇಲಿನಿಂದ ಮುಚ್ಚಿಬಿಡುತ್ತದೆ. ಎರಡನೆಯದು, ಆಳವಾದ ಗಾಯ ಮಾಯುವಾಗ ಅದರಲ್ಲಿ ಹುಟ್ಟುವ ಕಲೆಯ ಅಂಗಾಂಶಕ್ಕೆ ತಿಂಗಳುಗಟ್ಟಲೆ ಕುಗ್ಗುವ ಗುಣವಿದೆ. ಪಾದದ ಮೇಲ್ಭಾಗ ಸುಟ್ಟಿದ್ದರೆ ಈ ಕುಗ್ಗುವಿಕೆ ಬೆರಳುಗಳನ್ನು ಹಿಂದಕ್ಕೂ ಮೇಲಕ್ಕೂ ಎಳೆಯುತ್ತದೆ. ಇದಕ್ಕೆ ಬೆಳವಣಿಗೆಯೂ ಸೇರಿಕೊಳ್ಳುತ್ತದೆ: ಮಗುವಿನ ಮೂಳೆ ಉದ್ದವಾಗುತ್ತಾ ಹೋಗುತ್ತದೆ, ಕಲೆ ಅದಕ್ಕೆ ಸರಿಸಮನಾಗಿ ಬೆಳೆಯುವುದಿಲ್ಲ. ಎರಡು ವರ್ಷದ ಮಗುವಿನಲ್ಲಿ ಚಿಕ್ಕದಾಗಿ ಕಂಡ ಬಿಗಿತ ಎಂಟನೆಯ ವರ್ಷಕ್ಕೆ ದೊಡ್ಡದಾಗುವುದು ಇದರಿಂದಲೇ ಹೊರತು ಯಾರದೋ ಅಲಕ್ಷ್ಯದಿಂದಲೇ ಎಂದಲ್ಲ.

ಸುಟ್ಟು ಇನ್ನೂ ಕೆಲವೇ ದಿನಗಳಾಗಿರುವ ಮಗುವಿನ ಮನೆಯವರೂ ಇದನ್ನು ಓದುತ್ತಿರಬಹುದು. ಅವರಿಗೆ ಒಂದು ಮಾತು. ಪ್ರತಿ ಬಾರಿ ಡ್ರೆಸಿಂಗ್ ಮಾಡುವಾಗ ಒಂದೊಂದು ಬೆರಳಿನ ನಡುವೆಯೂ ವ್ಯಾಸಲೀನ್ ಸವರಿದ ತೆಳು ಜಾಳಿಗೆ ಬಟ್ಟೆ (ಗಾಜ್) ಇಟ್ಟು ಬೆರಳುಗಳನ್ನು ಬೇರೆಬೇರೆಯಾಗಿ ಸುತ್ತುತ್ತಿದ್ದಾರೆಯೇ ಎಂದು ಕಣ್ಣಾರೆ ನೋಡಿ, ಇಲ್ಲವಾದರೆ ವಿನಯದಿಂದಲೇ ಕೇಳಿ. ಐದೂ ಬೆರಳನ್ನು ಒಟ್ಟಿಗೆ ಸೇರಿಸಿ ಕಟ್ಟಿದ ಬ್ಯಾಂಡೇಜಿನೊಳಗೆ ಅಂಟುವಿಕೆ ಶುರುವಾಗುತ್ತದೆ. ಮೂರು ವಾರ ಕಳೆದರೂ ಗಾಯ ಮಾಯದಿದ್ದರೆ ತಾನಾಗಿ ಮಾಯಲಿ ಎಂದು ಕಾಯದೆ ಚರ್ಮ ಕಸಿಯ ಬಗ್ಗೆ, ಅಂದರೆ ಮೈಯ ಬೇರೆ ಕಡೆಯಿಂದ ಚರ್ಮ ತೆಗೆದು ಗಾಯದ ಮೇಲೆ ಕೂರಿಸುವುದರ ಬಗ್ಗೆ, ಕೇಳಬೇಕು.

ಮೊದಲ ಹೆಜ್ಜೆ: ಆಪರೇಷನ್ ನಿಜವಾಗಿ ಬೇಕೇ?

ಕೈಬೆರಳು ಅಂಟಿಕೊಂಡರೆ ಬಿಡಿಸಲೇಬೇಕು, ಏಕೆಂದರೆ ಅನ್ನ ಕಲಸುವುದಕ್ಕೂ ಪೆನ್ಸಿಲ್ ಹಿಡಿಯುವುದಕ್ಕೂ ಒಂದೊಂದು ಬೆರಳೂ ತನ್ನಷ್ಟಕ್ಕೆ ಆಡಬೇಕು. ಕಾಲ್ಬೆರಳಿನ ಲೆಕ್ಕ ಬೇರೆ. ಹುಟ್ಟಿನಿಂದಲೇ ಎರಡು ಕಾಲ್ಬೆರಳು ಕೂಡಿಕೊಂಡಿರುವ ಎಷ್ಟೋ ಜನ ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿದ್ದಾರೆ. ಆದ್ದರಿಂದ ಬೆರಳುಗಳು ಅಂಟಿವೆಯೇ ಎಂಬ ಪ್ರಶ್ನೆಗಿಂತ, ಅವು ನೆಲಕ್ಕೆ ತಾಗುತ್ತಿವೆಯೇ ಎಂಬ ಪ್ರಶ್ನೆ ಮುಖ್ಯವಾದದ್ದು. ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ, ನಿಮ್ಮ ಕಣ್ಣು ನೆಲದ ಮಟ್ಟಕ್ಕೆ ಬರುವಂತೆ ಕುಳಿತು ಪಕ್ಕದಿಂದ ನೋಡಿ. ಬೆರಳ ತುದಿಗಳು ನೆಲಕ್ಕೆ ಒತ್ತದೆ ಗಾಳಿಯಲ್ಲಿ ನಿಂತಿದ್ದರೆ ಮೈಭಾರವೆಲ್ಲ ಬೆರಳ ಬುಡದ ಮೂಳೆಗಳ ಮೇಲೆ ಬೀಳುತ್ತಿದೆ ಎಂದರ್ಥ. ಅಲ್ಲಿ ಆಣಿಯಂತೆ ಚರ್ಮ ದಪ್ಪಗಟ್ಟುತ್ತದೆ, ನಡೆದಷ್ಟೂ ನೋಯುತ್ತದೆ.

ಬೆರಳು ಬಿಡಿಸಲು ಬೇರೆ ಕಾರಣಗಳೂ ಇವೆ. ಹವಾಯಿ ಚಪ್ಪಲಿಯ ಬಾರು ಹೋಗಬೇಕಾದದ್ದು ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ನಡುವಿನ ಸಂದಿನಲ್ಲಿ. ಆ ಸಂದೇ ಮುಚ್ಚಿಹೋಗಿದ್ದರೆ ಹಳ್ಳಿಯ ಮಗುವಿಗೆ ದಿನನಿತ್ಯದ ಪಾದರಕ್ಷೆಯೇ ಇಲ್ಲದಂತಾಗುತ್ತದೆ. ಶಾಲೆಯ ಬೂಟು ಹಾಕಿದಾಗ ಮೇಲೆದ್ದ ಬೆರಳಿನ ಬೆನ್ನು ತಿಕ್ಕಿ ಹುಣ್ಣಾಗುವುದು, ಅರ್ಧ ಅಂಟಿದ ಸಂದಿನ ಗುಳಿಯಲ್ಲಿ ಬೆವರು ಕೊಳೆ ನಿಂತು ಕೆಟ್ಟ ವಾಸನೆ ಬರುವುದು, ಉಗುರು ಪಕ್ಕದ ಬೆರಳಿನೊಳಕ್ಕೆ ಬೆಳೆಯುವುದು ಕೂಡ ಸರಿಯಾದ ಕಾರಣಗಳೇ. ನೋಟದ ಕೊರಗನ್ನು ನಾನು ಕಡೆಗಣಿಸುವುದಿಲ್ಲ. ಹೆಣ್ಣುಮಕ್ಕಳ ಮನೆಯಲ್ಲಿ ಅಜ್ಜಿಯರು ಮುಂದೊಂದು ದಿನ ಕಾಲುಂಗುರ ತೊಡಿಸಲಾದೀತೇ ಎಂದು ಕೇಳುವುದುಂಟು. ಅದನ್ನು ಮೂಢತನವೆಂದು ತಳ್ಳಿಹಾಕುವ ಬದಲು ವೈದ್ಯರ ಮುಂದೆ ಇಡುವುದೇ ಒಳ್ಳೆಯದು. ಆದರೆ ಕೇವಲ ನೋಟಕ್ಕಾಗಿ ಐದು ವರ್ಷದ ಮಗುವನ್ನು ಎರಡು ಮೂರು ಬಾರಿ ಅರಿವಳಿಕೆಗೆ ಒಡ್ಡುವ ಮುನ್ನ, ಮಗು ದೊಡ್ಡದಾಗಿ ತಾನೇ ಬಯಸುವವರೆಗೆ ಕಾಯಬಹುದೇ ಎಂದು ಯೋಚಿಸಬೇಕು.

ಎರಡನೆಯ ಹೆಜ್ಜೆ: ಸಮಯವನ್ನು ಆರಿಸುವುದು

ಗಾಯ ಮುಚ್ಚಿದ ಮೇಲೆ ಕನಿಷ್ಠ 6 ತಿಂಗಳು, ಬಹಳ ಸಲ 1 ವರ್ಷ ಕಾಯುವುದು ರೂಢಿ. ಹಸಿ ಕಲೆ ಉಬ್ಬಿಕೊಂಡು, ಗಡುಸಾಗಿ, ನವೆಯಿಂದ ಕೂಡಿರುತ್ತದೆ. ಅದನ್ನು ಕೊಯ್ದರೆ ರಕ್ತಸ್ರಾವ ಹೆಚ್ಚು, ಮತ್ತೆ ಕುಗ್ಗುವ ಸಂಭವವೂ ಹೆಚ್ಚು. ಕಲೆ ಚಪ್ಪಟೆಯಾಗಿ, ಮೆತ್ತಗಾಗಿ, ತುರಿಕೆ ತಗ್ಗಿದಾಗ ಅದು ಪಕ್ವವಾಗಿದೆ ಎನ್ನುತ್ತಾರೆ. ಈ ಕಾಯುವ ಅವಧಿಯಲ್ಲಿ ಕೈಕಟ್ಟಿ ಕೂರಬೇಕಿಲ್ಲ. ಎಣ್ಣೆ ಹಚ್ಚಿ ತಿಕ್ಕುವುದು, ಬೆರಳುಗಳನ್ನು ಕೆಳಕ್ಕೆ ಬಾಗಿಸುವ ವ್ಯಾಯಾಮ, ರಾತ್ರಿ ಹೊತ್ತು ಬೆರಳನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಆಸರೆಪಟ್ಟಿ (ಸ್ಪ್ಲಿಂಟ್) ಇವೆಲ್ಲ ಆಗಲೇ ಶುರುವಾಗಬೇಕು, ಏಕೆಂದರೆ ಚರ್ಮ ಎಷ್ಟು ಮೆತ್ತಗಾಗಿರುತ್ತದೋ ಅಷ್ಟರಮಟ್ಟಿಗೆ ಆಪರೇಷನ್ ಚಿಕ್ಕದಾಗುತ್ತದೆ.

ಇದಕ್ಕೆ ಅಪವಾದಗಳುಂಟು. ಬೆರಳು ತನ್ನ ಬುಡದ ಕೀಲಿನಿಂದಲೇ ಜಾರಿ ಪಾದದ ಬೆನ್ನಿನ ಮೇಲೆ ಮಲಗುವಂತಾಗಿದ್ದರೆ, ಕಲೆ ಪದೇಪದೇ ಒಡೆದು ಹುಣ್ಣಾಗುತ್ತಿದ್ದರೆ, ಮಗು ವೇಗವಾಗಿ ಬೆಳೆಯುತ್ತಿದ್ದು ತಿಂಗಳಿಂದ ತಿಂಗಳಿಗೆ ಬಾಗು ಹೆಚ್ಚುತ್ತಿದ್ದರೆ ಕಲೆ ಪಕ್ವವಾಗಲೆಂದು ಕಾದು ಕೂರುವುದು ತಪ್ಪು. ಚರ್ಮದ ಬಿಗಿತವನ್ನು ಸಡಿಲಿಸುವುದು ಸುಲಭ, ವರ್ಷಗಟ್ಟಲೆ ತಪ್ಪು ಭಂಗಿಯಲ್ಲಿ ಬೆಳೆದ ಕೀಲನ್ನು ಸರಿದಾರಿಗೆ ತರುವುದು ಕಷ್ಟ. ಪ್ರತಿ ತಿಂಗಳು ಒಂದೇ ಜಾಗದಲ್ಲಿ, ಒಂದೇ ಕೋನದಿಂದ ಮೊಬೈಲಿನಲ್ಲಿ ಪಾದದ ಚಿತ್ರ ತೆಗೆದಿಟ್ಟುಕೊಂಡರೆ ಈ ಬದಲಾವಣೆಯನ್ನು ವೈದ್ಯರಿಗೆ ತೋರಿಸಬಹುದು. ಬೇಸಿಗೆ ರಜೆಗೆ ಆಪರೇಷನ್ ಹೊಂದಿಸಿಕೊಳ್ಳುವುದು ಬಹುತೇಕ ಮನೆಗಳ ಲೆಕ್ಕಾಚಾರ; ಪಾಠ ತಪ್ಪುವುದಿಲ್ಲವೆಂಬುದು ನಿಜ, ಆದರೆ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಬ್ಯಾಂಡೇಜು ಬೆವರುತ್ತದೆ ಎಂಬುದನ್ನೂ ನೆನಪಿನಲ್ಲಿಡಿ.

ಮೂರನೆಯ ಹೆಜ್ಜೆ: ಯಾರ ಬಳಿ ಹೋಗಬೇಕು, ಹಣದ ದಾರಿ ಯಾವುದು

ಇದು ಪ್ಲಾಸ್ಟಿಕ್ ಸರ್ಜನ್ ಮಾಡುವ ಕೆಲಸ. ಸುಟ್ಟಗಾಯದ ಕಲೆ, ಚರ್ಮ ಕಸಿ, ಬೆರಳುಸಂದುಗಳ ಮರುನಿರ್ಮಾಣ ಇವೆಲ್ಲ ಅವರ ಶಾಸ್ತ್ರದ ನಡುಮನೆಯ ವಿಷಯಗಳು. ಕೀಲು ಅಥವಾ ಮೂಳೆ ಕೆಟ್ಟಿದ್ದರೆ ಮೂಳೆ ವೈದ್ಯರೂ ಜೊತೆಗೂಡುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮಹಾಬೋಧಿ ಹೆಸರಿನ ಸುಟ್ಟಗಾಯಗಳ ವಿಭಾಗವೇ ಇದೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಬೆಂಗಳೂರಿನ ಸೇಂಟ್ ಜಾನ್ಸ್‌ನಂಥ ಕಡೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ದೂರದ ಜಿಲ್ಲೆಯವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸುವುದೇ ಸರಿಯಾದ ಕ್ರಮ. ಅದಕ್ಕೆ ಇನ್ನೊಂದು ಕಾರಣವೂ ಇದೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ) ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಹಳೆಯ ಸುಟ್ಟಗಾಯದ ಬಿಗಿತವನ್ನು ಬಿಡಿಸುವುದು ತುರ್ತು ಚಿಕಿತ್ಸೆಯ ಸಾಲಿಗೆ ಬರುವುದಿಲ್ಲವಾದ್ದರಿಂದ ಈ ಪತ್ರವಿಲ್ಲದೆ ನೇರವಾಗಿ ಹೊರಟವರು ಕೌಂಟರಿನಿಂದಲೇ ಹಿಂತಿರುಗಬೇಕಾಗುತ್ತದೆ. ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಸೇರಿದೆಯೇ, ಮಗುವಿಗೆ ಆಧಾರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಯೋಜನೆಯಡಿ ಯಾವ ಆಪರೇಷನ್ ಯಾವ ಆಸ್ಪತ್ರೆಯಲ್ಲಿ ಸಾಧ್ಯ ಎಂಬುದನ್ನು ಆಸ್ಪತ್ರೆಯಲ್ಲೇ ಕೂರುವ ಆರೋಗ್ಯಮಿತ್ರರು ತಿಳಿಸುತ್ತಾರೆ. ಎರಡು ಮೂರು ಹಂತದ ಆಪರೇಷನ್ ಆದರೆ ಪ್ರತಿ ಹಂತಕ್ಕೂ ಬೇರೆ ಅನುಮೋದನೆ ಬೇಕೇ ಎಂದು ಆಗಲೇ ಕೇಳಿಬಿಡುವುದು ಜಾಣತನ.

ನಾಲ್ಕನೆಯ ಹೆಜ್ಜೆ: ಒಳಗೆ ಏನು ಮಾಡುತ್ತಾರೆ ಎಂದು ತಿಳಿದುಕೊಳ್ಳುವುದು

ಮೊದಲು ಎಕ್ಸ್‌ರೇ ತೆಗೆಯುತ್ತಾರೆ. ಸುಟ್ಟಗಾಯದಲ್ಲಿ ಅಂಟಿರುವುದು ಹೆಚ್ಚಾಗಿ ಚರ್ಮ ಮಾತ್ರ, ಒಳಗಿನ ಮೂಳೆಗಳು ಬೇರೆಬೇರೆಯಾಗಿಯೇ ಇರುತ್ತವೆ. ಆದರೂ ಕೀಲು ಜಾರಿದೆಯೇ ಎಂಬುದು ಚಿತ್ರದಲ್ಲೇ ತಿಳಿಯಬೇಕು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂದರೆ ಮೊದಲು ಅದನ್ನು ಸರಿಪಡಿಸುತ್ತಾರೆ.

ಬೆರಳು ಬಿಡಿಸುವುದೆಂದರೆ ನಡುವೆ ಒಂದು ಗೆರೆ ಕೊಯ್ದು ಎರಡು ಪಕ್ಕ ಹೊಲಿದರಾಯಿತು ಎಂದು ಹಲವರು ತಿಳಿದಿದ್ದಾರೆ. ಅದು ಸಾಧ್ಯವಿಲ್ಲ, ಏಕೆಂದರೆ ಚರ್ಮ ಸಾಲುವುದಿಲ್ಲ. ಎರಡು ಸೀಮೆಸುಣ್ಣದ ಕಡ್ಡಿಗಳನ್ನು ಜೋಡಿಸಿ ಹಿಡಿದು ಒಂದು ಸುತ್ತು ಕಾಗದ ಸುತ್ತಿ ನೋಡಿ. ಅದೇ ಕಾಗದವನ್ನು ಎರಡು ತುಂಡು ಮಾಡಿ ಕಡ್ಡಿಗಳಿಗೆ ಪ್ರತ್ಯೇಕವಾಗಿ ಸುತ್ತಿದರೆ ಒಳಪಕ್ಕದಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಬರಿದಾಗಿ ಉಳಿಯುತ್ತದೆ. ಕುಗ್ಗಿದ ಕಲೆಯಲ್ಲಿ ಈ ಕೊರತೆ ಇನ್ನೂ ದೊಡ್ಡದು. ಕೊರತೆಯನ್ನು ತುಂಬಲು ಬೇರೆ ಕಡೆಯಿಂದ ಚರ್ಮ ತರಬೇಕು. ಸಾಮಾನ್ಯವಾಗಿ ತೊಡೆಸಂದಿನ ಹೊರಬದಿಯಿಂದ ಪೂರ್ಣ ದಪ್ಪದ ಚರ್ಮವನ್ನು ತೆಗೆದು, ಅಲ್ಲಿನ ಗಾಯವನ್ನು ನೇರವಾಗಿ ಹೊಲಿದು ಮುಚ್ಚುತ್ತಾರೆ. ಚಡ್ಡಿಯೊಳಗೆ ಮರೆಯಾಗುವ ಒಂದು ಗೆರೆ ಮಾತ್ರ ಉಳಿಯುತ್ತದೆ. ತೊಡೆಯಿಂದ ತೆಳುವಾಗಿ ಹೆರೆದು ತೆಗೆಯುವ ಚರ್ಮವೂ ಉಂಟು, ಆದರೆ ಅದು ನಂತರ ಹೆಚ್ಚು ಕುಗ್ಗುತ್ತದೆ. ಪೂರ್ಣ ದಪ್ಪದ ಚರ್ಮ ಕಡಿಮೆ ಕುಗ್ಗುತ್ತದೆ, ಮಗುವಿನೊಂದಿಗೆ ಬೆಳೆಯಬಲ್ಲದು. ಬಣ್ಣ ಮಾತ್ರ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ ಕಾಣಬಹುದು ಎಂದು ಮೊದಲೇ ಮನಸ್ಸಿಗೆ ತಂದುಕೊಂಡಿರಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸಂದಿನ ತಳ. ನಿಮ್ಮ ಕೈಬೆರಳುಗಳ ನಡುವಿನ ಸಂದನ್ನೇ ನೋಡಿಕೊಳ್ಳಿ: ಅದು ಚೂಪಾದ ಮೂಲೆಯಲ್ಲ, ಮೇಲಿನಿಂದ ಅಂಗೈ ಕಡೆಗೆ ಇಳಿಜಾರಾಗಿ ಇಳಿಯುವ ಮೆತ್ತನೆಯ ಚರ್ಮ. ಕಾಲಿನಲ್ಲೂ ಹಾಗೆಯೇ. ಈ ತಳವನ್ನು ಕಸಿ ಚರ್ಮದಿಂದ ಮಾಡಿದರೆ ಅದು ಕುಗ್ಗಿ ಬೆರಳುಗಳು ಬುಡದಿಂದ ಮತ್ತೆ ಕೂಡಿಕೊಳ್ಳತೊಡಗುತ್ತವೆ. ಆದ್ದರಿಂದ ಪಾದದ ಮೇಲ್ಭಾಗದಲ್ಲಿ ಒಳ್ಳೆಯ ಚರ್ಮ ಉಳಿದಿದ್ದರೆ ಅದನ್ನೇ ಒಂದು ಪದರವಾಗಿ ಎತ್ತಿ, ರಕ್ತನಾಳದ ಬೇರನ್ನು ಕಡಿಯದೆ, ಸಂದಿನೊಳಕ್ಕೆ ಇಳಿಸಿ ಹೊಲಿಯುತ್ತಾರೆ. ಬೆರಳಿನ ಪಕ್ಕದ ಕೊಯ್ತವನ್ನು ನೇರವಾಗಿ ಎಳೆಯದೆ ಅಂಕುಡೊಂಕಾಗಿ ಮಾಡುತ್ತಾರೆ, ಏಕೆಂದರೆ ನೇರ ಗೆರೆಯ ಕಲೆ ಕುಗ್ಗಿದಾಗ ಬಿಲ್ಲಿನ ಹಗ್ಗದಂತೆ ಬೆರಳನ್ನು ಬಾಗಿಸಿಬಿಡುತ್ತದೆ. ಪಾದದ ಬೆನ್ನೆಲ್ಲ ಸುಟ್ಟಿದ್ದು ಒಳ್ಳೆಯ ಚರ್ಮವೇ ಇಲ್ಲದಿದ್ದರೆ ಬೇರೆ ಬಗೆಯ ಯೋಜನೆ ಬೇಕಾಗುತ್ತದೆ. ಸಂದಿನ ತಳಕ್ಕೆ ಯಾವ ಚರ್ಮ ಬಳಸುತ್ತೀರಿ ಎಂಬ ಪ್ರಶ್ನೆಯನ್ನು ಸರ್ಜನ್ ಬಳಿ ತಪ್ಪದೆ ಕೇಳಿ, ಉತ್ತರ ಕೇಳಿದರೆ ಯೋಜನೆಯ ತೂಕ ತಿಳಿಯುತ್ತದೆ.

ಮೇಲೆ ಸೆಟೆದ ಬೆರಳನ್ನು ಕೆಳಕ್ಕೆ ತರಲು ಚರ್ಮ ಸಡಿಲಿಸಿದರೆ ಸಾಲದಿದ್ದಾಗ ಬೆರಳನ್ನು ಎತ್ತುವ ಸ್ನಾಯುರಜ್ಜುವನ್ನು ಉದ್ದ ಮಾಡುವುದು, ಕೀಲಿನ ಮೇಲ್ಪೊರೆಯನ್ನು ಬಿಡಿಸುವುದು ಉಂಟು. ಆಮೇಲೆ ಬೆರಳಿನ ತುದಿಯಿಂದ ಕೆ-ವೈರ್ ಎಂಬ ಸಣ್ಣ ಲೋಹದ ಕಡ್ಡಿಯನ್ನು ಮೂಳೆಯೊಳಗೆ ತೂರಿಸಿ ನೇರ ಭಂಗಿಯಲ್ಲಿ ನಿಲ್ಲಿಸುತ್ತಾರೆ. ವರ್ಷಗಳಿಂದ ಮಡಚಿಕೊಂಡಿದ್ದ ಬೆರಳಿನ ರಕ್ತನಾಳವೂ ಗಿಡ್ಡವಾಗಿಯೇ ಇರುತ್ತದೆ. ಒಮ್ಮೆಲೇ ಪೂರ್ತಿ ನೇರ ಮಾಡಿದರೆ ಅದು ಎಳೆದುಕೊಂಡು ಬೆರಳು ಬಿಳಿಚಿಕೊಳ್ಳುತ್ತದೆ. ಹಾಗಾದಾಗ ಸರ್ಜನ್ ಬೆರಳನ್ನು ಸ್ವಲ್ಪ ಹಿಂದಕ್ಕೆ ಬಿಡುತ್ತಾರೆ. ಆಪರೇಷನ್ ಮುಗಿದ ಮೇಲೂ ಒಂದು ಬೆರಳು ತುಸು ಮೇಲಿದೆ ಎಂದು ಮುನಿಸಿಕೊಳ್ಳುವ ಮುನ್ನ ಇದು ನೆನಪಿರಲಿ: ನೇರವಾಗಿ ಸತ್ತ ಬೆರಳಿಗಿಂತ ಕೊಂಚ ಬಾಗಿದ ಜೀವಂತ ಬೆರಳು ಮೇಲು.

ಎಲ್ಲ ಬೆರಳುಗಳನ್ನೂ ಒಂದೇ ಸಲ ಏಕೆ ಬಿಡಿಸುವುದಿಲ್ಲ ಎಂಬ ಪ್ರಶ್ನೆಗೂ ರಕ್ತನಾಳವೇ ಉತ್ತರ. ಬೆರಳಿನ ಎರಡು ಪಕ್ಕಗಳಲ್ಲಿ ಒಂದೊಂದು ರಕ್ತನಾಳ ಇರುತ್ತದೆ. ಒಂದೇ ಬೆರಳಿನ ಎರಡೂ ಪಕ್ಕಗಳನ್ನು ಒಂದೇ ದಿನ ಕೊಯ್ದರೆ ಎರಡಕ್ಕೂ ಪೆಟ್ಟಾಗುವ ಅಪಾಯವಿದೆ. ಅದಕ್ಕಾಗಿ ಮೊದಲ ಹಂತದಲ್ಲಿ ಒಂದನೆಯ ಮತ್ತು ಮೂರನೆಯ ಸಂದು, ಕೆಲವು ತಿಂಗಳ ಬಳಿಕ ಎರಡನೆಯ ಮತ್ತು ನಾಲ್ಕನೆಯ ಸಂದು ಎಂದು ಭಾಗ ಮಾಡಿಕೊಳ್ಳುತ್ತಾರೆ. ಮೂರು ತಿಂಗಳಿಗಿಂತ ಮೊದಲು ಎರಡನೆಯ ಹಂತಕ್ಕೆ ಕೈಹಾಕುವುದು ಅಪರೂಪ.

ಐದನೆಯ ಹೆಜ್ಜೆ: ಆಪರೇಷನ್ ದಿನ

ಮಕ್ಕಳಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ನೋವು ತಗ್ಗಿಸಲು ಬೆನ್ನಿನ ಕೆಳತುದಿಯಲ್ಲಿ ಒಂದು ಚುಚ್ಚುಮದ್ದನ್ನೂ ಸೇರಿಸುವುದುಂಟು. ಗಟ್ಟಿ ಆಹಾರ ಮತ್ತು ಹಸುವಿನ ಹಾಲು 6 ಗಂಟೆ ಮೊದಲು, ತಾಯಿ ಹಾಲು 4 ಗಂಟೆ ಮೊದಲು, ನೀರು 2 ಗಂಟೆ ಮೊದಲು ನಿಲ್ಲಬೇಕು ಎಂಬುದು ಸಾಮಾನ್ಯ ನಿಯಮ. ನಿಮ್ಮ ಅರಿವಳಿಕೆ ತಜ್ಞರು ಬೇರೆ ಹೇಳಿದರೆ ಅದೇ ಅಂತಿಮ. ಹಸಿದು ಅಳುವ ಮಗುವಿಗೆ ಕರುಣೆಯಿಂದ ಒಂದು ಬಿಸ್ಕತ್ತು ಕೊಟ್ಟರೆ ಅರಿವಳಿಕೆಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕೊಟ್ಟುಬಿಟ್ಟಿದ್ದರೆ ಮುಚ್ಚಿಡದೆ ಹೇಳಿಬಿಡಿ. ನೆಗಡಿ ಕೆಮ್ಮು ಇದ್ದರೂ ಹೇಳಬೇಕು. ಹಿಂದಿನ ದಿನವೇ ಮಗುವಿನ ಕಾಲನ್ನು ಸೋಪಿನಿಂದ ತೊಳೆದು, ಉಗುರು ಕತ್ತರಿಸಿ, ಬಣ್ಣ ಅಥವಾ ಮೆಹಂದಿ ಇದ್ದರೆ ತೆಗೆಯಿರಿ. ಬೆರಳ ತುದಿಯ ಬಣ್ಣ ನೋಡಿಯೇ ರಕ್ತಸಂಚಾರ ತಿಳಿಯಬೇಕಾಗುತ್ತದೆ.

ಆರನೆಯ ಹೆಜ್ಜೆ: ಮೊದಲ ಮೂರು ವಾರ

ಕಸಿ ಚರ್ಮಕ್ಕೆ ತನ್ನದೇ ರಕ್ತಪೂರೈಕೆ ಇರುವುದಿಲ್ಲ. ಮೊದಲ ಎರಡು ದಿನ ಅದು ಕೆಳಗಿನ ಗಾಯದ ಒಸರನ್ನು ಹೀರಿಯೇ ಬದುಕುತ್ತದೆ, ಆಮೇಲೆ ಕೆಳಗಿನ ಸಣ್ಣ ನಾಳಗಳು ಅದಕ್ಕೆ ಕೂಡಿಕೊಳ್ಳುತ್ತವೆ, ಒಂದು ವಾರದ ಹೊತ್ತಿಗೆ ರಕ್ತ ಓಡಾಡತೊಡಗುತ್ತದೆ. ಈ ಒಂದು ವಾರ ಅದು ಕೂದಲೆಳೆಯಷ್ಟು ಸರಿದರೂ, ಕೆಳಗೆ ರಕ್ತ ತುಂಬಿಕೊಂಡರೂ ಹಿಡಿಯುವುದಿಲ್ಲ. ಹತ್ತಿಯುಂಡೆಯನ್ನು ಮೇಲಿಟ್ಟು ಹೊಲಿಗೆಯ ದಾರಗಳಿಂದಲೇ ಬಿಗಿದು ಕಟ್ಟುವುದು, ಮೊಣಕಾಲಿನವರೆಗೆ ಪ್ಲಾಸ್ಟರಿನ ಪಟ್ಟಿ ಹಾಕುವುದು ಇದಕ್ಕಾಗಿ. ಮೊದಲ ಡ್ರೆಸಿಂಗನ್ನು 5ರಿಂದ 7 ದಿನಗಳ ನಡುವೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಮನೆಯವರು ಒಳಗೇನಾಗಿದೆ ಎಂದು ಬಿಚ್ಚಿ ನೋಡಬಾರದು.

ಕಾಲು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿರಲಿ, ಎರಡು ದಿಂಬು ಸಾಕು. ಬ್ಯಾಂಡೇಜಿನಿಂದ ಹೊರಗೆ ಕಾಣುವ ಬೆರಳ ತುದಿಯನ್ನು ದಿನಕ್ಕೆ ನಾಲ್ಕಾರು ಬಾರಿ ಒತ್ತಿ ಬಿಡಿ: ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ತುದಿ ನೀಲಿಯಾಗಿ ಅಥವಾ ಬಿಳಿಚಿ ತಣ್ಣಗಾದರೆ, ನೋವಿನ ಔಷಧಕ್ಕೂ ಬಗ್ಗದ ಅಳು ಇದ್ದರೆ, ಡ್ರೆಸಿಂಗ್ ತೊಯ್ದು ರಕ್ತ ಬಂದರೆ, ಕೆಟ್ಟ ವಾಸನೆ ಅಥವಾ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮಗು ಮಲಗಿರುವ ಕೋಣೆಯಲ್ಲಿ ಬೀಡಿ ಸಿಗರೇಟು ಬೇಡವೇ ಬೇಡ, ಹೊಗೆಯಲ್ಲಿರುವ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ. ಸುಟ್ಟಗಾಯಕ್ಕೆ ಬದನೆಕಾಯಿ, ಮೊಟ್ಟೆ, ಬೇಳೆ ನಂಜು ಎಂದು ಪಥ್ಯ ಹೇಳುವ ಹಿರಿಯರು ಈಗಲೂ ಇದ್ದಾರೆ. ಗಾಯ ಮಾಯಲು ಬೇಕಾದದ್ದು ಪ್ರೋಟೀನು. ಮೊಟ್ಟೆ, ಹಾಲು, ಬೇಳೆ, ಶೇಂಗಾ ಧಾರಾಳವಾಗಿ ಕೊಡಿ.

ಮೊದಲ ಬಾರಿ ಬಿಚ್ಚಿದಾಗ ಕಸಿ ಚರ್ಮ ನಸುನೇರಳೆಯಾಗಿ, ಕೆಲವೆಡೆ ಕಪ್ಪಾಗಿ ಕಂಡರೆ ಗಾಬರಿಯಾಗಬೇಡಿ. ಬಹಳ ಸಲ ಮೇಲಿನ ತೆಳು ಪೊರೆ ಮಾತ್ರ ಕಪ್ಪಾಗಿ ಉದುರಿ ಕೆಳಗೆ ಗುಲಾಬಿ ಚರ್ಮ ಕಾಣಿಸಿಕೊಳ್ಳುತ್ತದೆ. ಕೆ-ವೈರನ್ನು ಸಾಮಾನ್ಯವಾಗಿ 3ರಿಂದ 6 ವಾರದ ನಡುವೆ ತೆಗೆಯುತ್ತಾರೆ. ಅದು ಹೊರಗೆ ಚಾಚಿಕೊಂಡಿರುವವರೆಗೆ ಕಾಲು ನೀರಿಗೆ ಬೀಳಬಾರದು, ವೈದ್ಯರು ಹೇಳುವವರೆಗೆ ಮಗು ಕಾಲೂರಬಾರದು. ಚಕ್ಕಂಬಕ್ಕಳ ಹಾಕಿ ಕೂರುವಾಗ ಪಾದದ ಬೆನ್ನು ನೆಲಕ್ಕೆ ಒತ್ತುತ್ತದೆ, ಅದೂ ಸಲ್ಲದು. ಶೌಚಕ್ಕೆ ಕುರ್ಚಿಯಂಥ ಕಮೋಡು ಮೊದಲೇ ಹೊಂದಿಸಿಟ್ಟುಕೊಂಡರೆ ಮನೆಯವರ ಅರ್ಧ ಪರದಾಟ ತಪ್ಪುತ್ತದೆ.

ಏಳನೆಯ ಹೆಜ್ಜೆ: ಮುಂದಿನ ವರ್ಷವಿಡೀ

ಬಿಡಿಸುವುದು ಎರಡು ಮೂರು ಗಂಟೆಗಳ ಕೆಲಸ. ಬಿಟ್ಟದ್ದು ಮತ್ತೆ ಕೂಡದಂತೆ ಕಾಯುವುದು ಒಂದು ವರ್ಷದ ಕೆಲಸ, ಮತ್ತು ಅದು ಪೂರ್ತಿ ಮನೆಯಲ್ಲಿಯೇ ನಡೆಯಬೇಕು. ಹೊಸ ಕಲೆಗೂ ಹಳೆಯದರ ಹಾಗೆಯೇ ಕುಗ್ಗುವ ಚಟವಿದೆ. ಒಳ್ಳೆಯ ಸರ್ಜನ್ ಮಾಡಿದ ಒಳ್ಳೆಯ ಕೆಲಸ ಮನೆಯ ಉದಾಸೀನದಿಂದ ಹಾಳಾಗುವುದು ಈ ಘಟ್ಟದಲ್ಲಿ.

ಗಾಯ ಪೂರ್ತಿ ಮುಚ್ಚಿ ಹೊಲಿಗೆಗಳು ಬಿದ್ದ ಮೇಲೆ ದಿನಕ್ಕೆ ಮೂರು ನಾಲ್ಕು ಬಾರಿ, ಐದೈದು ನಿಮಿಷ, ಕೊಬ್ಬರಿ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಉಜ್ಜಬೇಕು. ಸಂದಿನ ತಳವನ್ನು ಹಿಂದಕ್ಕೆ, ಪಾದದ ಕಡೆಗೆ ಒತ್ತುವುದು ಮುಖ್ಯ. ಬೆರಳುಗಳ ನಡುವೆ ಸಿಲಿಕಾನ್ ಅಥವಾ ಸ್ಪಂಜಿನ ತುಂಡನ್ನು ಇಟ್ಟು, ಅದರ ಮೇಲೆ ಅಳತೆ ಕೊಟ್ಟು ಹೊಲಿಸಿದ ಬಿಗಿ ಕಾಲುಚೀಲ ತೊಡಿಸುತ್ತಾರೆ. ಈ ಒತ್ತಡದ ಚೀಲವನ್ನು ಸ್ನಾನ ಮತ್ತು ಮಸಾಜಿನ ಹೊತ್ತು ಬಿಟ್ಟರೆ ದಿನದ 23 ಗಂಟೆ ಹಾಕಿಕೊಂಡಿರಬೇಕು ಎನ್ನುತ್ತಾರೆ. ನಮ್ಮ ಸೆಕೆಯಲ್ಲಿ ಇದು ಸುಲಭವಲ್ಲ. ಎರಡು ಜೊತೆ ಇಟ್ಟುಕೊಂಡು ದಿನಕ್ಕೊಂದರಂತೆ ಒಗೆದು ನೆರಳಲ್ಲಿ ಒಣಗಿಸಿದರೆ ಮಗು ಹಾಕಿಕೊಳ್ಳಲು ಒಪ್ಪುತ್ತದೆ. ಪಾದ ಬೆಳೆದು ಚೀಲ ತೀರ ಬಿಗಿಯಾದಾಗ, ಅಥವಾ ಎಲಾಸ್ಟಿಕ್ ಸಡಿಲವಾದಾಗ, ಹೊಸ ಅಳತೆ ಕೊಡಬೇಕಾಗುತ್ತದೆ. ರಾತ್ರಿ ಬೆರಳುಗಳನ್ನು ಕೆಳಮುಖವಾಗಿ ಹಿಡಿಯುವ ಸ್ಪ್ಲಿಂಟ್ ಇರಲಿ. ವ್ಯಾಯಾಮವೆಂದು ಹೇಳಿದರೆ ಓಡಿಹೋಗುವ ಮಗು ನೆಲದ ಮೇಲಿನ ಟವೆಲನ್ನು ಕಾಲ್ಬೆರಳಿಂದ ಮುದುಡುವ ಆಟಕ್ಕೆ, ಗೋಲಿ ಹೆಕ್ಕುವ ಪಂದ್ಯಕ್ಕೆ ಖುಷಿಯಿಂದ ಬರುತ್ತದೆ.

ಕಸಿ ಚರ್ಮದಲ್ಲಿ ಸ್ಪರ್ಶಜ್ಞಾನ ಕಡಿಮೆ, ಬೆವರೂ ಎಣ್ಣೆಯೂ ಮೊದಲಿನಂತೆ ಬರುವುದಿಲ್ಲ. ಹೊಸ ಬೂಟು ಕಚ್ಚಿದರೂ ಮಗುವಿಗೆ ಗೊತ್ತಾಗದೆ ಇರಬಹುದಾದ್ದರಿಂದ ಪ್ರತಿ ಸಂಜೆ ಪಾದವನ್ನು ನೀವೇ ನೋಡಬೇಕು. ಮಧ್ಯಾಹ್ನದ ಬಿಸಿಲಲ್ಲಿ ದೇವಸ್ಥಾನದ ಹಾಸುಗಲ್ಲಿನ ಮೇಲೆ ಬರಿಗಾಲ ಪ್ರದಕ್ಷಿಣೆಯನ್ನು ಬೆಳಗಿನ ಹೊತ್ತಿಗೆ ಬದಲಾಯಿಸಿಕೊಳ್ಳಿ. ಬೂಟು ಬೆರಳ ಕಡೆ ಅಗಲವಾಗಿರಲಿ. ಬಿಗಿ ಕಾಲುಂಗುರವನ್ನಂತೂ ಕಸಿ ಮಾಡಿದ ಬೆರಳಿಗೆ ಹಾಕಲೇಬಾರದು.

ಎಷ್ಟೇ ಜತನ ಮಾಡಿದರೂ ಕೆಲವು ಮಕ್ಕಳಲ್ಲಿ ಸಂದು ನಿಧಾನವಾಗಿ ಮುಂದಕ್ಕೆ ಸರಿಯುತ್ತದೆ, ಮುಖ್ಯವಾಗಿ ಹತ್ತರಿಂದ ಹದಿನಾಲ್ಕರ ನಡುವೆ ಮಗು ಸರ್ರನೆ ಎತ್ತರವಾಗುವ ಕಾಲದಲ್ಲಿ. ಅದಕ್ಕಾಗಿ ಬೆಳವಣಿಗೆ ನಿಲ್ಲುವವರೆಗೆ ವರ್ಷಕ್ಕೊಮ್ಮೆಯಾದರೂ ತೋರಿಸಬೇಕು; ಬೇಕಾದರೆ ಚಿಕ್ಕದೊಂದು ತಿದ್ದುಪಡಿ ಆಪರೇಷನ್ ಮಾಡುತ್ತಾರೆ, ಅದನ್ನು ಮೊದಲನೆಯದರ ಸೋಲೆಂದು ತಿಳಿಯಬೇಕಿಲ್ಲ. ಇನ್ನೊಂದು ಎಚ್ಚರಿಕೆ ದೊಡ್ಡವರಾದ ಮೇಲೂ ಬೇಕು: ಹಳೆಯ ಸುಟ್ಟ ಕಲೆಯಲ್ಲಿ ಹುಣ್ಣೊಂದು ಎದ್ದು ತಿಂಗಳಾದರೂ ಮಾಯದಿದ್ದರೆ, ಅಥವಾ ಅದರ ಅಂಚು ಗಡುಸಾಗಿ ಮೇಲೆದ್ದರೆ, ಮುಲಾಮು ಹಚ್ಚುತ್ತಾ ಕಾಲ ಕಳೆಯದೆ ಬಯಾಪ್ಸಿ (ಹುಣ್ಣಿನ ಚಿಕ್ಕ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಬೇಕು, ಏಕೆಂದರೆ ದಶಕಗಳ ಬಳಿಕ ಇಂಥ ಹುಣ್ಣು ಅಪರೂಪಕ್ಕೆ ಕ್ಯಾನ್ಸರ್ ಆಗಿ ತಿರುಗುವುದುಂಟು. ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಯಾವ ಸಂದನ್ನು ಯಾವ ತಾರೀಖಿಗೆ ಬಿಡಿಸಿದರು ಮತ್ತು ಚರ್ಮ ಯಾವ ಕಡೆಯಿಂದ ತೆಗೆದರು ಎಂಬ ಟಿಪ್ಪಣಿ, ತಿಂಗಳ ಚಿತ್ರಗಳು ಇವಿಷ್ಟನ್ನೂ ಒಂದು ಫೈಲಿನಲ್ಲಿ ಇಟ್ಟಿರಿ. ಹತ್ತು ವರ್ಷದ ನಂತರ ಬೇರೊಂದು ಊರಿನಲ್ಲಿ ಬೇರೊಬ್ಬ ಸರ್ಜನ್ ಮೊದಲು ಕೇಳುವುದು ಅದನ್ನೇ.